ಎದೆಗೆ ತಾಗದ ಚೆಂಡು

ನನ್ನ ಮೈದುನ ಸಂಗಪ್ಪ ಮಲಗಿದರೂ ಅವನ ಕಾಲು ಮಲಗುತ್ತಿರಲಿಲ್ಲ. ಮಧ್ಯಾಹ್ನ ರೊಟ್ಟಿ ಉಂಡು ಪಡಸಾಲೆಯ ಕಂಬಳಿ ಮೇಲೆ ಅಡ್ಡಾದ ಅಂದರೆ, ಸ್ವಲ್ಪ ಹೊತ್ತಿಗೆ ಬಲಗಾಲಿನ ಹೆಬ್ಬೆರಳು ಅಲುಗಾಡುವುದು. ಆಮೇಲೆ ಹಿಮ್ಮಡಿ. ಆಮೇಲೆ ಎರಡೂ ಪಾದ ಸೇರಿ ಏನನ್ನೋ ಒಂದಕ್ಕೊಂದು ಕೊಟ್ಟು ತಗೊಂಡು ಮಾಡುವುವು. ಮುಖ ಮಾತ್ರ ಸತ್ತವರ ಮುಖದ ಹಾಗೆ ಶಾಂತ. ನಾನು ಜೋಳ ಹಸನು ಮಾಡುತ್ತ ಅದನ್ನೇ ನೋಡುತ್ತಿದ್ದೆ. ಒಂದು ದಿನ ಅವನ ಕಾಲ ಹತ್ತಿರ ಒಂದು ಉಳ್ಳಾಗಡ್ಡಿ ಇಟ್ಟೆ. ನಿದ್ದೆಯಲ್ಲೇ ಅದನ್ನು ಪಾದದ ಒಳಬದಿಗೆ ತಗೊಂಡು, ಹದವಾಗಿ ಹೊಸ್ತಿಲ ಕಡೆ ಕಳಿಸಿಬಿಟ್ಟ. ಎದ್ದ ಮೇಲೆ ಹೇಳಿದೆ.

"ಗೋಲ್ ಆಯ್ತೇನ್ರಿ ವೈನಿ?" ಅಂದ.

"ಆಡು ತಿಂದ್ತು" ಅಂದೆ.

ನನ್ನ ಗಂಡನದು ಬೀದರಿನ ಚೌಬಾರಾದ ಹತ್ತಿರ ಕಿರಾಣಿ ಅಂಗಡಿ. ಮನೆ ಕೋಟೆಯ ಕಡೆಗೆ. ಅತ್ತೆ ಮಾವ ಭಾಲ್ಕಿ ಕಡೆಯ ಮೆಹಕರದಲ್ಲಿ ಹೊಲ ಮಾಡಿಕೊಂಡು ಇದ್ದರು. ಅಲ್ಲಿ ದೊಡ್ಡ ಸಾಲಿ ಇರಲಿಲ್ಲ, ಅದಕ್ಕೆ ಸಣ್ಣ ಮಗನನ್ನು ನಮ್ಮ ಮನೆಯಲ್ಲಿಟ್ಟು ಓದಿಸುತ್ತಿದ್ದರು. ನಾನು ಔರಾದ ಕಡೆಯ ಠಾಣಾ ಕುಶನೂರದಿಂದ ಮದುವೆಯಾಗಿ ಬಂದವಳು. ನನಗೂ ಅವನಿಗೂ ವಯಸ್ಸಿನಲ್ಲಿ ಬಹಳ ಫರಕು ಇರಲಿಲ್ಲ. ನನಗೆ ಆ ಊರಲ್ಲಿ ಗುರುತಿನವರು ಯಾರೂ ಇಲ್ಲ, ಅವನಿಗೆ ಮನೆಯಲ್ಲಿ ಮಾತು ಕೇಳುವವರು ಇಲ್ಲ. ಹೀಗಾಗಿ ಅವನು ಹೇಳುತ್ತಿದ್ದ, ನಾನು ಕೇಳುತ್ತಿದ್ದೆ, ನಡುನಡುವೆ ಬೈಯುತ್ತಿದ್ದೆ.

ಚೆಂದ ಇರಲಿಲ್ಲ ಅವನು. ಹಲ್ಲು ಮುಂದೆ, ಕಿವಿ ದೊಡ್ಡವು, ಮೊಣಕಾಲಿಗೆ ಯಾವಾಗಲೂ ಕೆಂಪು ಮಣ್ಣು. ಬೀದರಿನ ಮಣ್ಣು ಒಮ್ಮೆ ಹತ್ತಿತೆಂದರೆ ಸಾಬೂನಿಗೂ ಬಗ್ಗುವುದಿಲ್ಲ. ಓದಿನಲ್ಲಿ ಹೇಳಿಕೊಳ್ಳುವಂಥವನಲ್ಲ. ಉರ್ದು ಪಾಠ ಓದುವಾಗಲೂ ಕಾಲ ಕೆಳಗೆ ಒಂದು ನಿಂಬೆಕಾಯಿ ಉರುಳುತ್ತಿರಬೇಕು, ಅದು ನಿಂತರೆ ಪಾಠವೂ ನಿಲ್ಲುವುದು. ಆದರೆ ಕೋಟೆಯ ಮುಂದಿನ ಬಯಲಿಗೆ ಇಳಿದನೆಂದರೆ ಇವನೇ ಅವನೇನು ಅನ್ನಿಸುತ್ತಿತ್ತು. ಹೆಂಗಸರು ಬಯಲಿಗೆ ಹೋಗುವಂತಿರಲಿಲ್ಲ. ನಾನು ಮಾಳಿಗೆ ಮೇಲೆ ಹಪ್ಪಳ ತಿರುವುತ್ತ ನೋಡುತ್ತಿದ್ದೆ. ಸಂಜೆ ಹೊತ್ತು ಧೂಳು ಎದ್ದು ಬಿಸಿಲಿಗೆ ಬಂಗಾರದ ಹೊಗೆಯ ಹಾಗೆ ನಿಲ್ಲುವುದು. ಕೋಟೆಯ ಗೋಡೆ ತೇಲಿದ ಹಾಗೆ ಕಾಣುವುದು. ಆ ಹೊಗೆಯೊಳಗೆ ಹುಡುಗರು ನೆರಳಿನ ಹಾಗೆ ಓಡುತ್ತಿದ್ದರು. ಇವನನ್ನು ಮಾತ್ರ ನಾನು ತಪ್ಪದೆ ಗುರುತು ಹಿಡಿಯುತ್ತಿದ್ದೆ, ಯಾಕಂದರೆ ಇವನ ಹತ್ತಿರ ಬಂದ ಚೆಂಡು ಮೇಲೆ ಏಳುತ್ತಲೇ ಇರಲಿಲ್ಲ.

ಅದರ ಕಾರಣ ಅವನ ಕೊರಳಲ್ಲಿತ್ತು. ನಾವು ಲಿಂಗ ಕಟ್ಟಿಕೊಂಡ ಮಂದಿ. ಹುಟ್ಟಿದಾಗ ಕಟ್ಟಿದ್ದು ಸತ್ತಾಗಲೂ ಮೈಮೇಲೆ ಇರಬೇಕು, ಒಂದು ಗಳಿಗೆ ಬಿಡಬಾರದು. ಸಂಗಪ್ಪನ ಲಿಂಗ ಬೆಳ್ಳಿಯ ಕರಡಿಗೆಯೊಳಗೆ, ದಾರ ಹಾಕಿ, ಎದೆಯ ನಡುವೆ ತೂಗುತ್ತಿತ್ತು. ಫುಟ್‌ಬಾಲ್ ಚೆಂಡು ದನದ ತೊಗಲಿನದು. ತೊಗಲು ಬಂದು ಲಿಂಗಕ್ಕೆ ಬಡಿಯುವುದು ಅಂದರೆ ಏನು, ನೀವೇ ಹೇಳಿ. ಬೇರೆ ಹುಡುಗರು ಎತ್ತರದ ಚೆಂಡನ್ನು ಎದೆ ಕೊಟ್ಟು ಇಳಿಸುತ್ತಿದ್ದರು. ಇವನು ಎದೆಯ ತನಕ ಬರಲು ಬಿಡುತ್ತಲೇ ಇರಲಿಲ್ಲ. ಚೆಂಡು ಗಾಳಿಯಲ್ಲಿ ಇರುವಾಗಲೇ ಅದು ಎಲ್ಲಿ ಬೀಳುತ್ತದೆ ಅಂತ ತಿಳಿದು, ಅಲ್ಲಿಗೆ ಓಡಿ, ಪಾದ ಎತ್ತಿ, ಮೊಸರಿನ ಗಡಿಗೆ ಇಳಿಸಿಕೊಂಡ ಹಾಗೆ ಇಳಿಸಿಕೊಳ್ಳುತ್ತಿದ್ದ. "ಕೆಳಗೇ ಇರು, ಕೆಳಗೇ ಇರು" ಅಂತ ಚೆಂಡಿಗೆ ಹೇಳುತ್ತಿದ್ದನಂತೆ. ಎದುರಿನವರು ನಗುತ್ತಿದ್ದರಂತೆ, ಆಮೇಲೆ ನಗುತ್ತಿರಲಿಲ್ಲವಂತೆ.

ಸಾಲಿಯ ಡ್ರಿಲ್ ಮಾಸ್ತರ ಗಫೂರ ಸಾಹೇಬರು. ಅವರಿಗೆ ಮಕ್ಕಳಿರಲಿಲ್ಲ. ನಮ್ಮ ಅಂಗಡಿಗೆ ಬೆಲ್ಲ ಒಯ್ಯಲು ಬಂದಾಗ ನನ್ನ ಗಂಡನಿಗೆ ಹೇಳುತ್ತಿದ್ದರು: "ಸೇಠ, ನಿಮ್ಮ ತಮ್ಮನ ಪಾದ ನನಗ ಕೊಡ್ರಿ, ಉಳಿದದ್ದು ನೀವು ಇಟ್ಕೋರಿ."

ನನ್ನ ಗಂಡ ಹೇಳಿದರು, "ಉಳಿದದ್ದು ಬಹಳ ಉಣ್ತದರಿ ಸಾಹೇಬ, ಅದನ್ನೂ ಒಯ್ರಿ."

ಆ ಮಾಸ್ತರರೇ ಇವನ ತಲೆಯಲ್ಲಿ ಹೈದರಾಬಾದ ತುಂಬಿದ್ದು. ಮೆಟ್ರಿಕ್ ಆದ ಮೇಲೆ ಅಲ್ಲಿಯ ಕಾಲೇಜಿಗೆ ಹೋಗಬೇಕು, ಕಾಲೇಜಿನ ಟೀಮಿನಲ್ಲಿ ಆಡಬೇಕು. ಚೆನ್ನಾಗಿ ಆಡುವವರಿಗೆ ಕಾಲೇಜಿನವರೇ ಇರಲು ಉಣ್ಣಲು ಕೊಡುತ್ತಾರೆ. ಇದು ಕಿವಿಗೆ ಬಿದ್ದ ಮೇಲೆ ಸಂಗಪ್ಪ ಕಣ್ಣು ಬಿಟ್ಟುಕೊಂಡೇ ಕನಸು ಕಾಣಲು ಶುರು ಮಾಡಿದ.

"ಅಲ್ಲಿ ಬಯಲಿಗೆಲ್ಲ ಹುಲ್ಲು ಅದಂತ್ರಿ ವೈನಿ. ಹಸರು ಜಮಖಾನಿ ಹಾಸಿದಂಗ. ಬಿದ್ರ ಏನೂ ಆಗಂಗಿಲ್ಲಂತ."

"ಹುಲ್ಲು ದನಕ್ಕ ಬೇಕು. ನಿನಗ್ಯಾಕ?"

"ಒಮ್ಮಿ ಬಿದ್ದು ನೋಡಬೇಕ್ರಿ."

"ಬೀಳ್ಳಿಕ್ಕಿ ಹೈದರಾಬಾದಿಗಿ ಹೋಗ್ತಿ?"

"ಬಿದ್ದು ಎದ್ದ ಮ್ಯಾಲ ಆಡ್ತೇನಿ. ಬಿಳಿ ಅಂಗಿ, ಬಿಳಿ ಚಡ್ಡಿ. ಚೆಂಡು ಹುಲ್ಲಿನ ಮ್ಯಾಲ ಸಪ್ಪಳ ಮಾಡಂಗಿಲ್ಲಂತ್ರಿ. ಸುಮ್ಮ ಹರೀತದಂತ, ನೀರಿನಂಗ."

ಹೀಗೆ ಹೇಳುತ್ತ ಗೋಡೆಗೆ ಒರಗಿ ಎತ್ತಲೋ ನೋಡುತ್ತಿದ್ದ. ನನಗೆ ಒಲೆಯ ಮೇಲಿನ ಬೇಳೆ ಹೊತ್ತಿದ ವಾಸನೆ ಬರುತ್ತಿತ್ತು, ಆದರೂ ಏಳುತ್ತಿರಲಿಲ್ಲ. ನಾನು ಹುಟ್ಟಿದಾರಭ್ಯ ಬಟ್ಟಬಯಲಿನ ಹುಲ್ಲು ಒಣಗಿದ್ದನ್ನೇ ನೋಡಿದವಳು. ಅವನು ಹೇಳುತ್ತಿದ್ದರೆ ನನ್ನ ಅಂಗಾಲಿಗೂ ತಂಪು ಹತ್ತಿದ ಹಾಗೆ ಆಗುತ್ತಿತ್ತು. ಬೇಳೆ ಹೊತ್ತಿದ್ದಕ್ಕೆ ಬೈಸಿಕೊಂಡವಳು ನಾನು, ಅವನಲ್ಲ.

ಮಾವನವರಿಗೆ ಇದು ತಿಳಿಯಿತು. ಅವರು ಕಡಿಮೆ ಮಾತಿನವರು. ಮೆಹಕರದಿಂದ ಬಂದು, ಕಾಲು ತೊಳೆದು, ಕೂತು, ಒಂದೇ ಮಾತು ಹೇಳಿದರು: "ಕಾಲೇಜಿನವರು ತಾವಾಗಿ ಕರದ್ರ ಹೋಗು. ನಾವು ಕೇಳ್ಕೊಂಡು ಹೋಗೂದಿಲ್ಲ. ಕರೀದಿದ್ರ ಬಂದು ಹೊಲದಾಗ ಕುಂಟಿ ಹಿಡಿ."

ಕರೆಯುವವರು ಬರುವ ದಿನವೂ ಬಂತು. ಗುಲಬರ್ಗಾದ ಹುಡುಗರು ಬೀದರಿಗೆ ಆಡಲು ಬರುವವರಿದ್ದರು. ಅವರ ಸಂಗಡ ಹೈದರಾಬಾದಿನ ಕಾಲೇಜಿನಿಂದ ಆಟದ ಸಾಹೇಬರೊಬ್ಬರು ಬಂದು ಹುಡುಗರನ್ನು ಆರಿಸುತ್ತಾರೆ ಅಂತ ಗಫೂರ ಸಾಹೇಬರು ಹೇಳಿದರು. ಚಳಿಗಾಲ. ಸಂಗಪ್ಪ ಊಟ ಬಿಟ್ಟ. ಕಾಲಿಗೆ ಎಣ್ಣೆ ತಿಕ್ಕಿಕೊಂಡು ಎಣ್ಣೆ ತಿಕ್ಕಿಕೊಂಡು ನನ್ನ ಬುಡ್ಡಿ ಖಾಲಿ ಮಾಡಿದ.

ಆಟದ ಮುಂಜಾನೆ ಅತ್ತೆ ಬಂದಿಳಿದರು. ಆಗಿನ್ನೂ ರೇಲು ಹೊಸದು. ಮೆಹಕರದಿಂದ ಬಂಡಿಯಲ್ಲಿ ಭಾಲ್ಕಿಗೆ, ಭಾಲ್ಕಿಯಿಂದ ರೇಲಿನಲ್ಲಿ ಬೀದರಿಗೆ. ರೇಲು ಹತ್ತಿದ್ದು ಅದೇ ಮೊದಲು, ಸೆರಗಿನಲ್ಲಿ ಮುಖ ಮುಚ್ಚಿಕೊಂಡೇ ಬಂದಿದ್ದರು. ಬಂದವರೇ ಮಗನನ್ನು ಕೂಡಿಸಿಕೊಂಡು ಹೇಳಿದರು: "ಊರ ಅಯ್ಯನವರನ್ನ ಕೇಳಿ ಬಂದೀನಪ್ಪ. ಲಿಂಗ ಎದಿ ಮ್ಯಾಲೇ ಇರಬೇಕಂತಿಲ್ಲಂತ. ತಲಿ ಮ್ಯಾಲ ಧರಿಸಿದ್ರ ಇನ್ನೂ ಪುಣ್ಯಂತ. ಇವತ್ತು ವಸ್ತ್ರದಾಗ ಸುತ್ತಿ ರುಮಾಲಿನ್ಯಾಗ ಕಟ್ತೇನಿ. ಎದಿ ಖಾಲಿ ಮಾಡಿ ಕೊಟ್ಟೀನಿ, ಹೋಗಿ ಆಡು."

ಹೊಸ ಬಿಳಿ ರುಮಾಲು ತಂದಿದ್ದರು. ಫುಟ್‌ಬಾಲನ್ನು ತಲೆಯಿಂದಲೂ ಆಡುತ್ತಾರೆ ಅಂತ ಆ ತಾಯಿಗೆ ಗೊತ್ತಿರಲಿಲ್ಲ. ಹೆಸರೇ ಕಾಲಿನದು, ತಲೆಯಲ್ಲಿ ಯಾರು ಆಡುತ್ತಾರೆ ಅಂದುಕೊಂಡಿದ್ದರು. ನನಗೆ ಗೊತ್ತಿತ್ತು, ಮಾಳಿಗೆ ಮೇಲಿಂದ ನೋಡಿದವಳು. ನಾನು ಬಾಯಿ ತೆರೆದೆ. ಸಂಗಪ್ಪ ನನ್ನ ಕಡೆ ನೋಡಿ ಬೇಡ ಅಂದ ಹಾಗೆ ಕಣ್ಣು ಮಾಡಿದ.

"ಆಗ್ಲಿ ಕಟ್ಟವ್ವ" ಅಂದು ತಲೆ ಬಗ್ಗಿಸಿ ಕೂತ.

ಅತ್ತೆ ಗಂಟು ಗಂಟು ಬಿಗಿದು ಕಟ್ಟಿದರು. ಹೊರಗೆ ಹೋಗುವಾಗ ನಾನು ಬಾಗಿಲಲ್ಲಿ ಹಿಡಿದು ನಿಲ್ಲಿಸಿದೆ. "ನಿನಗ ಹುಚ್ಚು ಏನು? ಬಿಚ್ಚಿ ಕೊರಳಿಗೇ ಕಟ್ಕೊ."

"ಅವ್ವ ಮುಖ ಮುಚ್ಕೊಂಡು ರೇಲಿನ್ಯಾಗ ಬಂದಾಳರಿ ವೈನಿ" ಅಂದ. ಹೋದ.

ನಾನು ಅತ್ತೆಯನ್ನು ಕರೆದುಕೊಂಡು ಮಾಳಿಗೆ ಹತ್ತಿದೆ. ಧೂಳಿನೊಳಗೆ ಆ ಬಿಳಿ ರುಮಾಲು ಒಂದೇ ಸ್ಪಷ್ಟ ಕಾಣುತ್ತಿತ್ತು, ಕೆಂಪು ನೀರಿನ ಮೇಲೆ ಬೆಳ್ಳಕ್ಕಿ ಕೂತ ಹಾಗೆ. ಮೊದಲು ಅವನ ಹಿಂದೆ ಗುಲಬರ್ಗಾದ ಹುಡುಗರೆಲ್ಲ ಓಡಿದರು, ಯಾರಿಗೂ ಚೆಂಡು ಸಿಗಲಿಲ್ಲ. ಗೋಲು ಹೊಡೆದ. ಮಂದಿ ಕೂಗಿದ್ದು ನಮ್ಮ ತನಕ ಕೇಳಿಸಿತು. ಅತ್ತೆ "ಯಾರು ಹೊಡದ್ರು, ನಮ್ಮಾಂವೇನು?" ಅಂತ ನನ್ನ ಕೈ ಹಿಸುಕಿದರು.

ಆಮೇಲೆ ಎದೆಯ ಎತ್ತರಕ್ಕೆ ಚೆಂಡು ಬಂತು. ಎದೆ ಖಾಲಿ ಇತ್ತು. ಆದರೆ ಅವನ ಮೈ ತಾನಾಗಿಯೇ ತಿರುಗಿತು. ಇಷ್ಟು ವರ್ಷದ ರೂಢಿ, ಒಂದು ಮುಂಜಾನೆಗೆ ಬಿಡುತ್ತದೆಯೇ. ಚೆಂಡು ಬೆನ್ನಿಗೆ ಬಡಿದು ಅವರ ಪಾಲಾಯಿತು. ಕೊನೆಗೆ ಗೋಲಿನ ಬಾಯಲ್ಲೇ, ಎತ್ತರದಿಂದ, ಎಷ್ಟು ಹಗೂರ ಇಳಿಯಿತು ಅಂದರೆ ನಾನಾದರೂ ತಲೆ ಕೊಟ್ಟು ಒಳಗೆ ಹಾಕುತ್ತಿದ್ದೆ. ಬಿಳಿ ರುಮಾಲು ಕೆಳಗೆ ಕೂತಿತು. ಕೂತೇಬಿಟ್ಟಿತು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು. ಚೆಂಡು ಮೇಲಿಂದ ಹಾದು ಹೋಯಿತು. ಮಂದಿ ನಕ್ಕರು.

"ಯಾಕ ನಗ್ಲಿಕತ್ಯಾರ?" ಅಂದರು ಅತ್ತೆ.

"ಖುಷಿಗಿ ನಗ್ತಾರರಿ ಅತ್ತಿ" ಅಂದೆ.

ಕಾಲೇಜಿನ ಸಾಹೇಬರು ಏನಂದರು ಅಂತ ಸಂಗಪ್ಪನೇ ಬಂದು ಹೇಳಿದ. ಕಾಲು ಬಂಗಾರ, ತಲೆ ಅಂಜುಬುರುಕ ಅಂದರಂತೆ. ಗಫೂರ ಸಾಹೇಬರು ರುಮಾಲಿನೊಳಗೆ ಏನಿದೆ ಅಂತ ಬಿಡಿಸಿ ಹೇಳಿದರಂತೆ. ಆ ಸಾಹೇಬರು ಕೆಟ್ಟವರಲ್ಲ. ನಾನೂ ಆಡುವಾಗ ನನ್ನ ತಾಯತ ಬಿಚ್ಚಿ ಗೆಳೆಯನ ಕೈಗೆ ಕೊಡುತ್ತಿದ್ದೆ, ಇವನೂ ಆಡುವಷ್ಟು ಹೊತ್ತು ತೆಗೆದಿಡಲಿ, ಇಟ್ಟು ಆಡಿದರೆ ಇವನಿಗೆ ಜಾಗ ಇದೆ ಅಂದರಂತೆ. ನಾಳೆ ಸಂಜೆಯ ಗಾಡಿಗೆ ಹೋಗುತ್ತೇನೆ, ಅಷ್ಟರೊಳಗೆ ಹೂಂ ಅನ್ನಿ ಅಂತಲೂ ಹೇಳಿದರಂತೆ.

"ಏನಂತಿ?" ಅಂದೆ.

"ತೆಗದು ಎಂದೂ ನೋಡಿಲ್ಲರಿ. ತೆಗದ್ರ ಹ್ಯಾಂಗ ಇರ್ತದೋ."

"ನೋಡು ಮತ್ತ. ನೋಡದ ಹೂಂನೂ ಬ್ಯಾಡ, ಉಹೂಂನೂ ಬ್ಯಾಡ."

ಅವನು ಬಿಚ್ಚಿಟ್ಟದ್ದನ್ನು ಹಿಡಿಯಲು ನಾನೇ ಹೋದೆ, ಗಂಡನಿಗೆ ಹೇಳಿಯೇ. "ಅವ್ವಗ ತಿಳೀಬಾರದು" ಅಂದರು, ಅಷ್ಟೇ. ಮಾರನೆಯ ಬೆಳಗಿನ ಹೊತ್ತು ನೀರಿಗೆ ಹೋಗುವ ನೆವ ಮಾಡಿ, ಸ್ನಾನ ಮಾಡಿ, ಏನೂ ಬಾಯಿಗೆ ಹಾಕದೆ, ಕೊಡ ಹಿಡಿದು ಕೋಟೆಯ ಮುಂದಕ್ಕೆ ಹೋದೆ. ಇಬ್ಬನಿ ಎಷ್ಟು ದಟ್ಟ ಇತ್ತೆಂದರೆ ಕೋಟೆ ಇತ್ತೋ ಇಲ್ಲವೋ. ಗಫೂರ ಸಾಹೇಬರು ಕಿವಿಗೆ ಮಫ್ಲರ್ ಸುತ್ತಿಕೊಂಡು ಚೆಂಡು ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಮುಖ ಆ ಕಡೆ ಮಾಡಿದರು, ಮರ್ಯಾದಸ್ಥರು. ಸಂಗಪ್ಪ ಲಿಂಗ ಬಿಚ್ಚಿ ಕಣ್ಣಿಗೆ ಒತ್ತಿಕೊಂಡು, ಬಿಳಿ ವಸ್ತ್ರದಲ್ಲಿ ಸುತ್ತಿ, ನನ್ನ ಎರಡು ಅಂಗೈಯಲ್ಲಿ ಇಟ್ಟ. ಅವನ ಮೈ ಬಿಸಿ ಅದಕ್ಕೆ ಇನ್ನೂ ಇತ್ತು.

ಮಾಸ್ತರರು ಚೆಂಡು ಎಸೆದರು. ಮೊದಲನೆಯದಕ್ಕೆ ತಿರುಗಿಬಿಟ್ಟ. ಮುಂದಿನದಕ್ಕೆ ಎದೆ ಕೊಟ್ಟ. ಧಪ್ ಅಂತ ಸಪ್ಪಳ. ಚೆಂಡು ಎದೆಗೆ ಅಂಟಿಕೊಂಡು ಕಾಲಿಗೆ ಇಳಿಯಿತು. ಸಂಗಪ್ಪ ನಕ್ಕ. ಹಾಗೆ ನಕ್ಕದ್ದನ್ನು ನಾನು ಮುಂದೆ ಎಂದೂ ನೋಡಲಿಲ್ಲ. "ಏನೂ ಆಗಂಗಿಲ್ಲರಿ ವೈನಿ" ಅಂತ ಇಬ್ಬನಿಯೊಳಗಿಂದ ಕೂಗಿದ. ಅವನು ಕಾಣುತ್ತಿದ್ದ, ಕರಗುತ್ತಿದ್ದ, ಮತ್ತೆ ಎಲ್ಲೋ ಬೇರೆ ಕಡೆ ಕಾಣುತ್ತಿದ್ದ. ನನಗೆ ಅದು ಬೀದರೇ ಅಲ್ಲ, ಅವನು ಹೇಳುವ ಆ ಹುಲ್ಲಿನ ಬಯಲೇ ಅನ್ನಿಸಿಬಿಟ್ಟಿತು. ಹೋಗಲಿ, ಹೋಗಿಬಿಡಲಿ ಅಂದುಕೊಂಡೆ.

ಆಮೇಲೆ ಮಾಸ್ತರರ ಸೀಟಿ ಕೇಳಿಸಿತು. "ಹಾಥ್, ಬೇಟಾ. ಕೈ ಕೆಳಗ."

"ನಾ ಎಲ್ಲಿ ಎತ್ತೀನ್ರಿ ಉಸ್ತಾದ?"

ಮತ್ತೆ ಓಡಿದ. ಮತ್ತೆ ಸೀಟಿ. ನಾನು ಹತ್ತಿರ ಸರಿದು ನೋಡಿದೆ. ಓಡುವಾಗ ಅವನ ಬಲಗೈ ತಾನಾಗಿ ಎದೆಗೆ ಹೋಗುತ್ತಿತ್ತು. ಇದೆಯೋ ಇಲ್ಲವೋ ಅಂತ ತಡವುತ್ತಿತ್ತು. ಅಲ್ಲಿ ಏನೂ ಸಿಗದೆ ಅಲ್ಲೇ ನಿಲ್ಲುತ್ತಿತ್ತು, ಚೆಂಡು ಬಂದು ಕೈಗೆ ಬಡಿಯುತ್ತಿತ್ತು. ಅವನಿಗೆ ಅದು ಗೊತ್ತೇ ಇರಲಿಲ್ಲ. ಫುಟ್‌ಬಾಲಿನಲ್ಲಿ ಕೈ ತಾಗಿದರೆ ಫೌಲು. ಕೊನೆಗೆ ತನ್ನ ಕೈಯನ್ನು ತಾನೇ ನೋಡಿಕೊಂಡು ನಿಂತುಬಿಟ್ಟ, ಬೇರೆ ಯಾರದೋ ಕೈ ನೋಡಿದ ಹಾಗೆ.

ಗಫೂರ ಸಾಹೇಬರು ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು. "ಇದಕ್ಕ ಏನೂ ಅಂಜಬ್ಯಾಡ. ದಿನಾ ಕಲಿಸ್ತೇನಿ. ಮಳಿಗಾಲದೊಳಗ ಕೈ ಮರೀತದ."

"ಮರೀತದರಿ ಉಸ್ತಾದ" ಅಂದ ಸಂಗಪ್ಪ. "ಅದಕ್ಕೇ ನನಗ ಅಂಜಿಕಿ."

ನನ್ನ ಕಡೆ ಬಂದು ಕೈ ಚಾಚಿದ. ಕೊಟ್ಟೆ. ಕಟ್ಟಿಕೊಂಡ. ಆ ಸಂಜೆ ಕಾಲೇಜಿನ ಸಾಹೇಬರು ಗಾಡಿಗೆ ಹೋದರು, ಇವನು ಹೂಂ ಅನ್ನಲಿಲ್ಲ. ಅತ್ತೆ ಮೆಹಕರಕ್ಕೆ ಹೋಗಿ, ಹೈದರಾಬಾದಿನವರಿಗೆ ಕಣ್ಣಿಲ್ಲ ಅಂತ ಊರ ತುಂಬ ಹೇಳಿದರು. ಗಫೂರ ಸಾಹೇಬರು ಎಷ್ಟೋ ದಿನ ನಮ್ಮ ಅಂಗಡಿ ಬಿಟ್ಟು ಬೇರೆ ಕಡೆ ಬೆಲ್ಲ ಕೊಂಡರು. ನನ್ನ ಕೊರಳಲ್ಲೂ ಲಿಂಗ ಇದೆ. ನಾನಾಗಿದ್ದರೆ ಹೋಗುತ್ತಿದ್ದೆ. ಇದನ್ನು ಅವನಿಗೂ ಹೇಳಿದೆ. "ನೀವು ಹೋಗ್ತಿದ್ರಿ, ಖರೆ" ಅಂದ. ಸಿಟ್ಟಾಗಲಿಲ್ಲ.

ಮೆಟ್ರಿಕ್ ಮುಗಿಸಿ ಮೆಹಕರಕ್ಕೆ ಹೋಗಿ ಕುಂಟೆ ಹಿಡಿದ. ನಮ್ಮ ಕುಶನೂರದ ಹುಡುಗಿಯನ್ನೇ ತಂದರು. ಮಕ್ಕಳಾದವು. ಆದರೆ ವಾರಕ್ಕೊಮ್ಮೆ ಭಾಲ್ಕಿಯ ಸಂತೆಗೆ ಹೋದವನು ಸಂಜೆ ಸ್ಟೇಷನ್ ಹತ್ತಿರದ ಬಯಲಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಿದ್ದ. ಆ ಹುಡುಗರು ಒಮ್ಮೆ ಬೀದರಿಗೆ ಬಂದು ಆಡಿದರಂತೆ. ಬೀದರಿನವನೊಬ್ಬ ಚೆಂಡನ್ನು ಎದೆಗೆ ತಗೊಂಡ ಕೂಡಲೇ ಭಾಲ್ಕಿಯವರೆಲ್ಲ ಫೌಲ್ ಫೌಲ್ ಅಂತ ಆಟ ನಿಲ್ಲಿಸಿಬಿಟ್ಟರಂತೆ. ನನ್ನ ಗಂಡ ನೋಡಿ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ಹುಡುಗರು ಹೋಗಿ ಕೇಳಿದ್ದಕ್ಕೆ ಸಂಗಪ್ಪ, ಬೀದರಿನಲ್ಲಿ ಆಟ ಕೆಟ್ಟಿದೆ ಅಂದನಂತೆ. ಅವರು ನಂಬಿದರು.

ನಾನು ಅದನ್ನು ಕಣ್ಣಾರೆ ನೋಡಿದ್ದು ಆಮೇಲೆ. ನಿಜಾಮನ ರಾಜ್ಯ ಇನ್ನೂ ಇತ್ತು. ಭಾಲ್ಕಿಯಲ್ಲಿ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿ, ಸಂಜೆಯ ಗಾಡಿಗೆ ಇನ್ನೂ ಹೊತ್ತಿತ್ತು ಅಂತ ಆ ಬಯಲಿನ ಕಟ್ಟೆಯ ಮೇಲೆ ಅವನ ಪಕ್ಕ ಕೂತೆ. ಆಗ ಯಾರು ಏನನ್ನುತ್ತಾರೆ ಅನ್ನುವ ವಯಸ್ಸು ದಾಟಿದ್ದೆ. ಅವನ ಕಿವಿಯ ಹತ್ತಿರ ಬಿಳಿ ಕೂದಲು ಬಂದಿದ್ದವು. ಹುಡುಗರ ಆಟ ನೋಡಿದೆ. ಮಾಳಿಗೆ ಮೇಲಿಂದ ನೋಡುತ್ತಿದ್ದದ್ದೇ ಆಟ. ಯಾರ ಚೆಂಡೂ ಮೇಲೆ ಏಳುತ್ತಿಲ್ಲ. ನೀರು ಹರಿದ ಹಾಗೆ ಕಾಲಿಂದ ಕಾಲಿಗೆ. ಹೊತ್ತು ಇಳಿದಿತ್ತು, ಧೂಳು ಎದ್ದಿತ್ತು, ಎಷ್ಟೋ ಸಂಗಪ್ಪಂದಿರು ಒಮ್ಮೆಗೇ ಓಡುತ್ತಿದ್ದರು. ನಾನು ಸ್ವಲ್ಪ ಹೊತ್ತು ಎಲ್ಲಿದ್ದೇನೆ ಅನ್ನುವುದನ್ನೇ ಮರೆತೆ.

ಅವರೊಳಗೆ ಒಬ್ಬ ಕಮಲನಗರದ ಮರಾಠಿ ಹುಡುಗ, ದತ್ತು. ಎಲ್ಲರಿಗಿಂತ ಚುರುಕು. ಅವನೂ ಎದೆಗೆ ಬಂದ ಚೆಂಡಿಗೆ ಗಿರ್ರನೆ ತಿರುಗಿ ಬೆನ್ನು ಕೊಟ್ಟ. ನೀರು ಕುಡಿಯಲು ಬಂದಾಗ ಕೇಳಿದೆ, "ನೀ ಲಿಂಗ ಕಟ್ಟಿಲ್ಲಲ್ಲೋ. ನಿನಗೇನಾಗ್ಯದ? ಎದಿ ಕೊಡ್ಲಿಕ್ಕಿ ಏನು ಧಾಡಿ?"

"ಎದಿಗಿ ತಾಗಿದ್ರ ಫೌಲ್ ಅಲ್ರಿ ಆಯಿ" ಅಂದ. "ನಿಮಗ ಆಟ ತಿಳೀತದೇನು?" ಅಂತ ನಕ್ಕ. ನೀರು ಕುಡಿದು, ಬಾಯಿ ಒರೆಸಿಕೊಂಡು, ತಾನೇ ಹೇಳಿದ: "ಮುಂದಿನ ತಿಂಗಳ ಹೈದರಾಬಾದಿನ ಕಾಲೇಜಿನವರು ಬೀದರಿಗಿ ಬರ್ತಾರಂತ್ರಿ, ನೋಡ್ಲಿಕ್ಕಿ. ಕಾಕಾ ನನ್ನ ಒಯ್ತಾರ."

ಅವನು ಓಡಿ ಹೋದ. ನಾನು ಸಂಗಪ್ಪನ ಕಡೆ ತಿರುಗಿದೆ.

"ಈ ಹುಡುಗ್ರಿಗಿ ಖರೆ ಯಾಕ ಹೇಳಿಲ್ಲ ನೀ?"

"ಹಿಂಗೇ ಚಂದ ಕಾಣ್ತದರಿ ವೈನಿ."

"ಚಂದ ನಿನಗ. ಆ ಪೋರ ಆ ಸಾಹೇಬರ ಮುಂದ ಬೆನ್ನು ತಿರುಗಿಸಿದ್ರ ಮಂದಿ ನಗ್ತಾರ. ನಿನಗ ಕಾರಣಾದ್ರೂ ಇತ್ತು. ಅವಗ ಏನದ?"

ಅವನ ಕಾಲು ಕಟ್ಟೆಯ ಕೆಳಗಿನ ಒಂದು ಹರಳನ್ನು ಉರುಳಿಸತೊಡಗಿತು.

"ನೀ ಹೋಗ್ಲಿಲ್ಲ, ಅದು ನಿನ್ನ ಖುಷಿ. ಅವನ್ನ ಯಾಕ ಕಟ್ಟಿ ಹಾಕ್ತಿ?"

ಮುಖ ತಗ್ಗಿಸಿದ. ನಾನು ಸಮಾಧಾನ ಹೇಳಲಿಲ್ಲ. ಆಮೇಲೆ ಎದ್ದ, ಧೋತರ ಮೇಲೆ ಕಟ್ಟಿದ, ಬಯಲಿಗೆ ಇಳಿದ. ಚೆಂಡನ್ನು ಕೈಯಲ್ಲಿ ಎತ್ತಿಕೊಂಡ.

"ದತ್ತು, ಬಾ ಇಲ್ಲಿ. ಎದುರಿಗಿ ನಿಂದ್ರು. ಎದಿ ಕೊಡು."

"ಫೌಲ್ ಆಗ್ತದಲ್ರಿ ಕಾಕಾ."

"ಆಗಂಗಿಲ್ಲ."

"ಯಾವಾಗಿಂದ್ರಿ?"

"ಇವತ್ತಿನಿಂದ."

ಎಸೆದ. ದತ್ತು ತಿರುಗಿಬಿಟ್ಟ, ಚೆಂಡು ಬೆನ್ನಿಗೆ ಬಡಿಯಿತು. ಮತ್ತೆ ಎಸೆದ, ಮತ್ತೆ ತಿರುಗಿದ. ಉಳಿದ ಹುಡುಗರು ಸುತ್ತ ನಿಂತು ಬಾಯಿ ಬಿಟ್ಟು ನೋಡುತ್ತಿದ್ದರು. "ನನ್ನ ಕಡೆ ನೋಡು, ಚೆಂಡಿನ ಕಡೆ ಬ್ಯಾಡ" ಅನ್ನುತ್ತಿದ್ದ ಸಂಗಪ್ಪ. ತನ್ನ ಎಡಗೈಯನ್ನು ಅಂಗಿಯ ಮೇಲೆ ಕರಡಿಗೆಗೆ ಅಡ್ಡ ಹಿಡಿದು, ಬಲಗೈ ಒಂದರಲ್ಲೇ ಎಸೆಯುತ್ತಿದ್ದ. ಕೈಯಲ್ಲಿ ಎಸೆದು ರೂಢಿ ಇಲ್ಲ, ಚೆಂಡು ಅಡ್ಡಾದಿಡ್ಡಿ ಹೋಗುತ್ತಿತ್ತು, ತಾನೇ ಓಡಿ ಹೋಗಿ ತರುತ್ತಿದ್ದ.

ಗಾಡಿಯ ಹೊತ್ತಾಯಿತು. ಬರ್ತೇನಿ ಅಂದೆ. ಕೇಳಿಸಲಿಲ್ಲವೋ ಏನೋ. ಆ ಮಳೆಗಾಲದಲ್ಲಿ ಸಂಗಪ್ಪನಿಗೆ ಜ್ವರ ಬಂದು, ನಮಗೆ ಸುದ್ದಿ ಮುಟ್ಟುವುದರೊಳಗೆ ಮಣ್ಣು ಮಾಡಿದ್ದರು. ದತ್ತು ಹೈದರಾಬಾದಿಗೆ ಹೋದ ಅಂತ ಕೇಳಿದೆ, ಅಲ್ಲಿ ಹೇಗೆ ಆಡಿದ ಅನ್ನುವುದು ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವುದು ಇಷ್ಟು. ಗಾಡಿ ಆ ಬಯಲನ್ನು ಬಳಸಿಯೇ ಹೋಗುತ್ತದೆ. ಆ ಸಂಜೆ ಕಿಟಕಿಯಿಂದ ನೋಡಿದೆ. ಸಂಗಪ್ಪ ಇನ್ನೂ ಎಸೆಯುತ್ತಿದ್ದ. ಹುಡುಗ ಕಣ್ಣು ಮುಚ್ಚಿಕೊಂಡು, ಮುಷ್ಟಿ ಬಿಗಿಹಿಡಿದು, ಈ ಸಲ ತಿರುಗದೆ ನಿಂತಿದ್ದ. ಚೆಂಡು ಗಾಳಿಯಲ್ಲಿತ್ತು.